ಸುಮ್ನೆ ಗಿಡ

ನನ್ನ ಹಳೇ ಟ್ರಂಕಿನ ತಳದಲ್ಲಿ ಒಂದು ಹರ್ಬೇರಿಯಂ ಫೈಲು ಉಳಿದುಕೊಂಡಿದೆ. 1982ರಲ್ಲಿ ಬಿ.ಎಸ್ಸಿ. ಓದುವಾಗ ಮಾಡಿದ್ದು. ಐವತ್ತು ಹಾಳೆಗಳಲ್ಲಿ ಈಗ ಮೂವತ್ತು ಚಿಲ್ಲರೆ ಇವೆ. ಉಳಿದವು ಗೆದ್ದಲಿನ ಪಾಲಾದವು. ಹನ್ನೊಂದನೆಯ ಹಾಳೆಯಲ್ಲಿ ನೆಲಕ್ಕೆ ಕಚ್ಚಿಕೊಂಡು ಬೆಳೆಯುವ ಒಂದು ಗಿಡವಿದೆ. ಎಲೆಗಳೆಲ್ಲ ಬುಡದಲ್ಲೇ ಸುತ್ತಲೂ ಹರಡಿವೆ, ನಡುವೆ ಒಂದು ಒಣಕಲು ಕಡ್ಡಿ, ಕಡ್ಡಿಯ ತುದಿಗೆ ಬಣ್ಣ ಹೋದ ಹೂವಿನ ಗೊಂಡೆ. ಕೆಳಗಿನ ಚೀಟಿಯಲ್ಲಿ ನನ್ನ ದುಂಡು ಅಕ್ಷರ: ಸ್ಥಳ, ತಾಳಗುಪ್ಪ ರೈಲ್ವೆ ಗೇಟಿನ ಹತ್ತಿರ. ಸ್ಥಳೀಯ ಹೆಸರು, ಸುಮ್ನೆ ಗಿಡ.

ಆ ಹೆಸರಿನ ಅಡಿಗೆ ಕೆಂಪು ಶಾಯಿಯ ಎರಡು ಗೆರೆ, ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು. ಮೇಷ್ಟ್ರು ಅದನ್ನು ಇಡೀ ತರಗತಿಗೆ ಓದಿ ಹೇಳಿದರು. ಆಮೇಲೆ ಆ ವರ್ಷ ಮುಗಿಯುವವರೆಗೂ ಗೆಳೆಯರ ಬಾಯಲ್ಲಿ ನನ್ನ ಹೆಸರೇ ಸುಮ್ನೆ ಗಿಡ. ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಬೀರೂರಿನಿಂದ ತಾಳಗುಪ್ಪಕ್ಕೆ ವರ್ಗವಾದಾಗ ನನಗೆ ಎಂಟು ವರ್ಷ. ಆಗಿನ್ನೂ ಮೀಟರ್ ಗೇಜು. ಶಿವಮೊಗ್ಗ ಬಿಟ್ಟ ಗಾಡಿ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ, ಕಾನ್ಲೆ ಕಳೆದು, ತೂಕಡಿಸುತ್ತ ಬಂದು ತಾಳಗುಪ್ಪದಲ್ಲಿ ನಿಂತುಬಿಡುತ್ತಿತ್ತು. ಮುಂದೆ ಹಳಿ ಇಲ್ಲ. ಜೋಗ ನೋಡಲು ಬಂದವರು ಇಳಿದು ಬಸ್ಸು ಹಿಡಿಯಬೇಕು. ಹಳಿಯ ಕೊನೆಯಲ್ಲಿ ಒಂದು ಮಣ್ಣುದಿಬ್ಬ, ದಿಬ್ಬದ ಮೇಲೆ ಮಳೆಗಾಲವೆಲ್ಲ ಹಸಿರು. ನಾವು ಹುಡುಗರು ಪ್ರಪಂಚ ಮುಗಿಯುವುದು ಅಲ್ಲೇ ಎಂದುಕೊಂಡಿದ್ದೆವು.

ಅಮ್ಮನಿಗೆ ಮಾತ್ರ ಆ ಹಸಿರು ಕಂಡರೆ ಹೆದರಿಕೆ. ಅವಳ ತವರು ಕಡೂರಿನ ಕಡೆಯ ಬಯಲು. ಅಲ್ಲಿ ಒಂದು ಮಳೆ ಬಿದ್ದರೆ ಹೊಲದ ಬದುವಿನಲ್ಲಿ ಅಣ್ಣೆ, ಗಣಿಕೆ, ಗೋಣಿ, ಕನ್ನೆ, ಹೊನಗೊನ್ನೆ, ಕೀರೆ, ಎಲ್ಲ ಒಟ್ಟಿಗೆ ಏಳುತ್ತವೆ. ಮಡಿಲು ತುಂಬ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುವುದು ಅವಳಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ತಾಳಗುಪ್ಪದ ಕ್ವಾರ್ಟರ್ಸಿನ ಹಿಂದೆ ಮಂಡಿಯುದ್ದ ಸೊಪ್ಪು ನಿಂತಿದ್ದರೂ ಅವಳ ಗುರುತಿನದು ತೀರಾ ಕಡಿಮೆ. ಗುರುತಿನದ್ದಕ್ಕೂ ಹೆಸರು ಬೇರೆ. "ಇಷ್ಟು ಹಸಿರಿದೆ, ಒಂದು ಹೊತ್ತಿನ ಸಾರಿಗೆ ಗತಿಯಿಲ್ಲ" ಎಂದು ಸಾಗರದಿಂದ ಬರುವ ಬಾಡಿದ ದಂಟಿನ ಸೊಪ್ಪಿಗೇ ಕಾಯುತ್ತಿದ್ದಳು.

ಅವಳ ಕಣ್ಣು ತೆರೆಸಿದವಳು ಗೇಟಜ್ಜಿ. ಲೆವೆಲ್ ಕ್ರಾಸಿಂಗಿನ ಆಚೆ ಮಗ್ಗುಲಿಗೆ ಅವಳ ಹುಲ್ಲಿನ ಮನೆ ಇದ್ದುದರಿಂದ ನಾವಿಟ್ಟ ಹೆಸರು ಅದು. ದೀವರ ಹೆಂಗಸು, ಬಿಗಿದು ಕಟ್ಟಿದ ಗಿಡ್ಡ ಸೀರೆ, ಸೊಂಟಕ್ಕೆ ಕತ್ತಿ. ಒಂದು ದಿನ ಅವಳು ಹಳಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕುಡಿ ಚಿವುಟುತ್ತಿದ್ದಳು. ಅಮ್ಮ ಬೇಲಿಯ ಮೇಲಿಂದ ಬಗ್ಗಿ ನೋಡಿ, "ಅಯ್ಯೋ, ಇದು ತಗಚೆ ಅಲ್ಲವಾ?" ಎಂದಳು. ಅಜ್ಜಿ ತಲೆ ಎತ್ತಿ, "ಇದು ಚಗತೆ" ಎಂದಳು. ಇಬ್ಬರೂ ಕುಡಿ ಮೂಸಿ ನೋಡಿದರು, ಬಾಯಿಗೆ ಹಾಕಿ ಕಚ್ಚಿದರು. ಎರಡು ಅಕ್ಷರ ಜಾಗ ಬದಲಾಯಿಸಿಕೊಂಡಿದ್ದವು, ಅಷ್ಟೇ. ಅಮ್ಮನ ಮಲೆನಾಡಿನ ಮೊದಲ ಸ್ನೇಹ ಆ ಅದಲುಬದಲಿನಿಂದ ಶುರುವಾಯಿತು.

ಆದರೆ ಎಲ್ಲವೂ ಇಷ್ಟು ಸಲೀಸಾಗಿರಲಿಲ್ಲ. ಧೈರ್ಯ ಬಂದ ಮೇಲೆ ಅಮ್ಮ ತಾನೇ ಹೋಗಿ ಚರಂಡಿಯ ಬದಿಯ ಕೆಸುವಿನ ಎಲೆ ಕೊಯ್ದು ತಂದು, ನಮ್ಮೂರ ಸೊಪ್ಪಿನ ಹಾಗೆ ಬೇಳೆ ಹಾಕಿ ಬೇಯಿಸಿದಳು. ಮೊದಲ ತುತ್ತಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಅಪ್ಪ ಗಂಟಲು ಹಿಡಿದುಕೊಂಡ. ನಾನೂ ತಮ್ಮನೂ ನಾಲಿಗೆ ಹೊರಗೆ ಹಾಕಿಕೊಂಡು ಅಂಗಳ ಸುತ್ತಿದೆವು. ಗಂಟಲೊಳಗೆ ಯಾರೋ ಸಣ್ಣ ಸೂಜಿ ಚೆಲ್ಲಿದ ಹಾಗೆ. ಅದು ನಿಜಕ್ಕೂ ಸೂಜಿಯೇ ಎಂದು ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಂಡಾಗ ನನಗೆ ಆ ರಾತ್ರಿ ನೆನಪಾಗಿತ್ತು. ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು, ಎರಡೂ ತುದಿ ಚೂಪು, ಕಟ್ಟು ಕಟ್ಟಾಗಿ ಎಲೆಯ ಕೋಶದೊಳಗೆ ಕಾದು ಕೂತಿರುತ್ತವೆ. ಗೇಟಜ್ಜಿ ಬಂದು ಮೊದಲು ನಕ್ಕಳು, ಆಮೇಲೆ ಹುಳಿ ನೆಕ್ಕಿಸಿದಳು. ಕೆಸುವಿಗೆ ಹುಳಿ ಬೀಳಲೇಬೇಕು. ಹುಣಸೆಯೋ ವಾಟೆಹುಳಿಯೋ, ಕೈ ಬಿಗಿ ಹಿಡಿಯದೆ ಹಾಕಬೇಕು. ಕೆಸುವಿನಲ್ಲೂ ಕುಲ ನೋಡಬೇಕು: ಕರಿದಂಟಿನದು ಬೇರೆ, ಬಿಳಿಯದು ಬೇರೆ, ಮುಂಡಿ ಬೇರೆ, ಮರಕೆಸು ಬೇರೆ. ನಮಗೆಲ್ಲ ಅದು 'ಆನೆಕಿವಿಯಂಥ ಎಲೆ' ಅಷ್ಟೇ ಆಗಿತ್ತು. ಹೆಸರು ಗೊತ್ತಿಲ್ಲದವನ ಗಂಟಲು ತುರಿಸುತ್ತದೆ ಎಂಬ ಪಾಠ ನನಗೆ ಆಗಿದ್ದು ಹೀಗೆ.

ಮರಕೆಸುವಿನ ಮಾತು ಬಂತಲ್ಲ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಮೃಗಶಿರ ಕಳೆದು ಆರಿದ್ರಾ ಮಳೆ ಹಿಡಿಯಿತೆಂದರೆ ಹಲಸಿನ, ಮಾವಿನ ಮರಗಳ ಕವಲಿನಲ್ಲಿ, ಪಾಚಿ ಕಟ್ಟಿದ ಪೊಟರೆಯಲ್ಲಿ, ಹೃದಯದಾಕಾರದ ತೆಳು ಎಲೆಗಳು ಏಳುತ್ತವೆ. ಬೇಸಗೆಯಲ್ಲಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಗೆಡ್ಡೆ ತೊಗಟೆಯ ಸಂದಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಎಲೆ ಮಾತ್ರ ಮಳೆಯ ಅತಿಥಿ. ನಾನು ಮರ ಹತ್ತುವುದು, ಅಜ್ಜಿ ಕೆಳಗೆ ನಿಂತು ಸೆರಗು ಹಿಡಿಯುವುದು. "ಎಲ್ಲಾ ಕೀಳಬೇಡ, ಮುಂದಿನ ವರ್ಷಕ್ಕೂ ಮರ ಅಲ್ಲೇ ಇರ್ತದೆ" ಎನ್ನುತ್ತಿದ್ದಳು. ಪತ್ರೊಡೆಗೆ ಅದಕ್ಕಿಂತ ಒಳ್ಳೆಯ ಎಲೆ ಇಲ್ಲ. ಹಿಟ್ಟು ಸವರಿ ಸುರುಳಿ ಸುತ್ತುವಾಗ ಹರಿಯುವುದೂ ಇಲ್ಲ. ಆ ಗಿಡದ ಶಾಸ್ತ್ರೀಯ ಹೆಸರು ರೆಮುಸೇಷಿಯಾ ವಿವಿಪಾರ. ರೆಮುಸಾ ಎಂಬವನು ಫ್ರಾನ್ಸಿನಲ್ಲಿ ಕೂತು ಚೀನೀ ಭಾಷೆ ಓದಿದ ಪಂಡಿತ. ಸಸ್ಯಶಾಸ್ತ್ರಿಯೊಬ್ಬ ಗೌರವದಿಂದ ಅವನ ಹೆಸರನ್ನು ಗಿಡಕ್ಕೆ ಅಂಟಿಸಿದ. ಮರಕೆಸು ಎಂದರೆ ಎಲ್ಲಿ ಹುಡುಕಬೇಕು, ಏನು ಮಾಡಿ ತಿನ್ನಬೇಕು ಎರಡೂ ತಿಳಿಯುತ್ತದೆ. ರೆಮುಸೇಷಿಯಾ ಎಂದರೆ ಒಂದು ಸಭೆಯಲ್ಲಿ ಯಾರಿಗೆ ಹಾರ ಹಾಕಿದರು ಎಂಬುದಷ್ಟೇ. ವಿವಿಪಾರ ಎಂಬ ಎರಡನೆಯ ಪದಕ್ಕೆ ಮಾತ್ರ ನಾನು ಮರ್ಯಾದೆ ಕೊಡುತ್ತೇನೆ: ಮರಿ ಹಾಕುವಂಥದ್ದು. ಗಿಡದ ಕಡ್ಡಿಯ ಮೇಲೆ ಕೊಕ್ಕೆಯಿರುವ ಪುಟಾಣಿ ಗೆಡ್ಡೆಗಳು ಮೂಡಿ, ಮೈಗೆ ಅಂಟಿಕೊಂಡು ಮರದಿಂದ ಮರಕ್ಕೆ ಹೋಗುತ್ತವೆ. ಆ ಹೆಸರಿಟ್ಟವನು ಗಿಡವನ್ನು ಹತ್ತಿರದಿಂದ ನೋಡಿದ್ದ.

ನಿಧಾನಕ್ಕೆ ನನಗೆ ಹೆಸರುಗಳ ಹುಚ್ಚು ಹಿಡಿಯಿತು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದೆ. ಮೊದಲು ಕಣ್ಣಿಗೆ ಬಿದ್ದದ್ದು 'ನೆಲ'. ನೆಲನೆಲ್ಲಿ, ನೆಲಬೇವು, ನೆಲತಾಳೆ, ನೆಲಸಂಪಿಗೆ, ನೆಲಗುಳ್ಳ. ನೆಲ್ಲಿ, ಬೇವು, ತಾಳೆ, ಸಂಪಿಗೆ ಎಲ್ಲ ಮರಗಳು. ಕಾಲ ಕೆಳಗಿನ ಪುಟ್ಟ ಗಿಡಕ್ಕೆ ಹೊಸ ಹೆಸರು ಹುಡುಕುವ ಬದಲು, ತಲೆಯ ಮೇಲಿನ ಮರವನ್ನು ತೋರಿಸಿ 'ಇದು ಅದರ ನೆಲದ ರೂಪ' ಎಂದು ನಮ್ಮ ಹಿರಿಯರು ಕೈ ತೊಳೆದುಕೊಂಡಿದ್ದಾರೆ. ಕೈ ತೊಳೆದುಕೊಂಡರು ಎಂದು ಬರೆದೆ, ಅದು ತಪ್ಪು. ನೆಲತಾಳೆಯನ್ನು ನೋಡಿದವರಿಗೆ ಗೊತ್ತು: ಗೇಣುದ್ದದ ಗಿಡ, ಉದ್ದಕ್ಕೆ ನೆರಿಗೆ ಬಿದ್ದ ಎಲೆ, ಥೇಟ್ ತಾಳೆಯ ಸಸಿಯೇ. ನಡುವೆ ನಕ್ಷತ್ರದಂಥ ಹಳದಿ ಹೂವು ಮಣ್ಣಿಗೆ ತಾಗಿಕೊಂಡು ಅರಳುತ್ತದೆ. ನೆಲಸಂಪಿಗೆಯದಂತೂ ಇನ್ನೂ ಸೋಜಿಗ. ಎಲೆ ಒಂದೂ ಇಲ್ಲದ ಬೋಳು ನೆಲದಿಂದ ಬಿಳಿ, ನೇರಳೆ ಹೂವು ನೇರವಾಗಿ ಮೇಲೆ ಬರುತ್ತದೆ. ಎಲೆ ಹುಟ್ಟುವುದು ಹೂ ಮುಗಿದ ಮೇಲೆ. ನೆಲವೇ ಸಂಪಿಗೆ ಬಿಟ್ಟಿತು ಅಂದುಕೊಳ್ಳದೆ ಬೇರೆ ದಾರಿಯಿಲ್ಲ.

ಒಂದೆಲಗದ ವಿಷಯದಲ್ಲಿ ಊರಿನಲ್ಲೇ ಒಮ್ಮತ ಇರಲಿಲ್ಲ. ಗಿಣ್ಣಿಗೊಂದೇ ಎಲೆ ಎದ್ದು ನಿಲ್ಲುವಂತೆ ಕಾಣುವುದರಿಂದ ಒಂದೆಲಗ. ಅಡಿಕೆ ತೋಟದ ಕಾದಿಗೆಯ ಅಂಚಿನಲ್ಲಿ, ಬಾವಿಕಟ್ಟೆಯ ಕೆಸರಿನಲ್ಲಿ ಹಬ್ಬುತ್ತದೆ. ತೋಟದ ಕಡೆಯ ಹವ್ಯಕರ ಮನೆಯಲ್ಲಿ ಅದಕ್ಕೆ ಉರಗೆ ಎಂದೂ ಹೇಳುತ್ತಿದ್ದರು. ಘಟ್ಟ ಇಳಿದು ತುಳುನಾಡಿಗೆ ಹೋದರೆ ತಿಮರೆ. ಸಮುದ್ರ ದಾಟಿ ಶ್ರೀಲಂಕಾಕ್ಕೆ ಹೋದರೆ ಗೊಟುಕೊಳ. ಸಂಸ್ಕೃತದವರು ಮಂಡೂಕಪರ್ಣಿ ಎಂದರು, ಕಪ್ಪೆಯ ಜೊತೆ ವಾಸವಿರುವುದಕ್ಕೋ ಎಲೆಯ ಆಕಾರಕ್ಕೋ. ಶಾಲೆಯ ಮೇಷ್ಟ್ರು ಬ್ರಾಹ್ಮಿ ಎಂದರು, ತಿಂದರೆ ಮಗ್ಗಿ ಬರುತ್ತದೆ ಎಂದರು. ತಿಂದೆ, ಹದಿನೇಳರ ಮಗ್ಗಿ ಇವತ್ತಿಗೂ ಬರುವುದಿಲ್ಲ. ಕೆಲವು ವೈದ್ಯರನ್ನು ಕೇಳಿದರೆ ಬ್ರಾಹ್ಮಿ ಎಂದರೆ ಇದಲ್ಲವೇ ಅಲ್ಲ, ನಾವು ನೀರ್ಬ್ರಾಹ್ಮಿ ಎನ್ನುವ ದಪ್ಪ ಸಣ್ಣೆಲೆಯ ಗಿಡ. ಒಂದು ಹೆಸರು, ಎರಡು ಗಿಡ, ಅಂಗಡಿಯಲ್ಲಿ ಒಂದೇ ಬಾಟಲಿ. ತೋಟದ ಮನೆಯ ಅಮ್ಮ ಈ ಯಾವ ತಕರಾರಿಗೂ ಹೋಗುತ್ತಿರಲಿಲ್ಲ. ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯ ಜೊತೆ ಒರಳಿನಲ್ಲಿ ನುಣ್ಣಗೆ ತಿರುವಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ ಬಡಿಸುತ್ತಿದ್ದರು. ತಂಪು, ಹುಳಿ, ಅದೇ ತಂಬುಳಿ. ಆ ಪದವನ್ನು ಒಡೆದು ನೋಡಿದ ದಿನ ನನಗೆ ಏನೋ ಬೀಗದ ಕೈ ಸಿಕ್ಕ ಹಾಗಾಯಿತು.

ಕೆಲವು ಹೆಸರನ್ನು ಅಗೆದೇ ತಿಳಿಯಬೇಕು. ಹಲವು ಮಕ್ಕಳ ತಾಯಿ ಎಂಬ ಬಳ್ಳಿಯ ಹೆಸರು ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಮೇಲೆ ನೋಡಿದರೆ ಏನಿದೆ ಅದರಲ್ಲಿ? ದಾರದಂಥ ಎಲೆ, ಬಾಗಿದ ಮುಳ್ಳು. ಗೇಟಜ್ಜಿ ಕತ್ತಿಯ ಮೊನೆಯಿಂದ ಬುಡ ಕೆದಕಿದಳು. ಒಂದು ಬೇರು, ಅದರ ಪಕ್ಕ ಇನ್ನೊಂದು, ಆಮೇಲೆ ಹಿಡಿ ತುಂಬ. ಬೆರಳಿನಷ್ಟು ದಪ್ಪದ ಬೆಳ್ಳನೆಯ ಬೇರುಗೆಡ್ಡೆಗಳು ಒಂದೇ ತೊಟ್ಟಿನಿಂದ ಜೋತುಬಿದ್ದು, ಹಾಲು ಕುಡಿಯಲು ಮುಗಿಬಿದ್ದ ಹಂದಿಮರಿಗಳ ಹಾಗೆ. ಮೂವತ್ತರವರೆಗೆ ಎಣಿಸಿ ಬಿಟ್ಟೆ. ಸಂಸ್ಕೃತದ ಶತಾವರಿಯೂ ನೂರು ಎಂದೇ ಲೆಕ್ಕ ಹಾಕುತ್ತದೆ. ಆದರೆ ಅದು ಲೆಕ್ಕ ಹಾಕಿ ಸುಮ್ಮನಾಯಿತು. ನಮ್ಮ ಹೆಸರಿನಲ್ಲಿ ಬಾಣಂತಿ ಇದ್ದಾಳೆ, ಅವಳ ಹಾಲು ಇದೆ, ಆ ಬೇರನ್ನು ಯಾರಿಗೆ ಕೊಡುತ್ತಾರೆ ಎಂಬುದೂ ಇದೆ.

ಗೌರಿ ಹೂವಿನ ವಿಷಯದಲ್ಲಿ ಇದು ತಿರುಗುಮುರುಗು. ಭಾದ್ರಪದದಲ್ಲಿ, ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಬೆಂಕಿ ಹಚ್ಚಿದಂತೆ ಅರಳುವುದರಿಂದ ನಮಗೆ ಗೌರಿ ಹೂ. ಎಸಳು ಜ್ವಾಲೆಯಂತೆ ಮೇಲೆ ತಿರುಗಿರುವುದನ್ನು ಕಂಡವರು ಅಗ್ನಿಶಿಖೆ ಎಂದರು. ಆದರೆ ಲಾಂಗಲಿ ಎಂದವನು ಹೂವನ್ನು ಬಿಟ್ಟು ಮಣ್ಣು ಅಗೆದಿದ್ದಾನೆ. ಲಾಂಗಲ ಎಂದರೆ ನೇಗಿಲು. ಗೆಡ್ಡೆ ನೇಗಿಲಿನಂತೆಯೇ ಕೋನವಾಗಿ ಬಾಗಿರುತ್ತದೆ. ಆ ಗೆಡ್ಡೆ ವಿಷ, ಕೋಲ್ಚಿಸಿನ್ ತುಂಬಿಕೊಂಡಿದೆ. ಹೂವು ದೇವರಿಗೆ, ಗೆಡ್ಡೆ ಯಮನಿಗೆ ಎಂದು ಅಜ್ಜಿ ಕೈ ತೊಳೆಸುತ್ತಿದ್ದಳು.

ಸೊಗದೆ ಬೇರಿಗೆ ನಾಮದ ಬೇರು ಎಂದೂ ಹೆಸರು. ಎಲೆಯ ನಡುವೆ ಬೆಳ್ಳಗೆ ಗೆರೆ, ಹಣೆಗೆ ನಾಮ ಎಳೆದಂತೆ. ಅದನ್ನು ಹುಡುಕುವುದರಲ್ಲಿ ನಾನು ಸೋತದ್ದೇ ಹೆಚ್ಚು, ಯಾಕೆಂದರೆ ಒಂದೇ ಬಳ್ಳಿಯಲ್ಲಿ ಒಂದು ಎಲೆ ಕಡ್ಡಿಯಷ್ಟು ಸಪೂರ, ಇನ್ನೊಂದು ಅಗಲ. ಅನುಮಾನ ಬಂದರೆ ಬೇರು ಗೀರಿ ಮೂಸಿದರಾಯಿತು, ಇಡೀ ಬೆರಳು ಸಂಜೆವರೆಗೂ ಘಮ್ಮೆನ್ನುತ್ತದೆ. ಸುಗಂಧಿ ಎಂಬುದೇ ಬಾಯಿಯಿಂದ ಬಾಯಿಗೆ ಸವೆದು ಸೊಗದೆ ಆಯಿತೇನೋ ಎಂಬುದು ನನ್ನ ಊಹೆ. ಊಹೆಗೇನು, ದುಡ್ಡು ಕೊಡಬೇಕೇ?

ಇನ್ನೊಂದು ಇಂಥದೇ ಹುಚ್ಚು ಖುಷಿ ಕೊನ್ನಾರಿ ಗೆಡ್ಡೆಯದು. ಗದ್ದೆಯ ರೈತನಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಎಷ್ಟು ಕಿತ್ತರೂ ಮಣ್ಣಿನಡಿ ಒಂದು ಮಣಿ ಉಳಿದಿರುತ್ತದೆ. ಅದಕ್ಕೆ ತುಂಗೆ ಹುಲ್ಲು ಎಂದು ಒಂದು ಹೆಸರು, ಭದ್ರಮುಷ್ಟಿ ಎಂದು ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಕೂಡ್ಲಿಯವರೆಗೆ ಬೇರೆ ಬೇರೆಯಾಗಿ ಹರಿದು ಬರುವ ಎರಡು ಹೊಳೆಗಳ ಹೆಸರನ್ನೂ ಒಂದೇ ಕಳೆ ಹೊತ್ತುಕೊಂಡು ಗದ್ದೆಯಲ್ಲಿ ಕೂತಿದೆ. ಅದು ಬರೀ ಆಕಸ್ಮಿಕ ಎಂದು ಗೊತ್ತಿದ್ದೂ, ತೀರ್ಥಹಳ್ಳಿಯ ಸೇತುವೆ ದಾಟುವಾಗಲೆಲ್ಲ ನನಗೆ ಆ ಗೆಡ್ಡೆಯ ಕಹಿ ವಾಸನೆ ನೆನಪಾಗುತ್ತದೆ.

ತಮ್ಮ ಮೂರು ವರ್ಷವಾದರೂ ಮಾತಾಡಿರಲಿಲ್ಲ. ಅಮ್ಮ ಹರಕೆ ಹೊತ್ತಿದ್ದಳು. ಗೇಟಜ್ಜಿ ಒಂದು ತುಂಡು ಬಜೆ ತಂದಳು. ಜೌಗು ನೆಲದಲ್ಲಿ ಬೆಳೆಯುವ ಗಿಡದ ಬೇರು, ಒಣಗಿ ಕಂದುಬಣ್ಣಕ್ಕೆ ತಿರುಗಿದ್ದು, ಮೈಮೇಲೆ ಉಂಗುರ ಉಂಗುರ ಗೆರೆ. ಅದನ್ನು ದೀಪದಲ್ಲಿ ಸುಟ್ಟು, ತೇಯುವ ಕಲ್ಲಿನ ಮೇಲೆ ಎದೆಹಾಲಿನ ಬದಲು ಆಕಳ ಹಾಲಿನ ನಾಲ್ಕು ಹನಿ ಬಿಟ್ಟು, ಒಂದು, ಎರಡು, ಮೂರು ಸುತ್ತು ತೇದಳು. ಅದಕ್ಕಿಂತ ಹೆಚ್ಚು ತೇಯಕೂಡದು. ಕಿರುಬೆರಳಿನಿಂದ ತಮ್ಮನ ನಾಲಿಗೆಗೆ ಸವರಿದಾಗ ಅವನು ಮುಖ ಕಿವಿಚಿ ಕಿರುಚಿದ ಕಿರುಚಿಗೆ ಪ್ಲಾಟ್‌ಫಾರ್ಮಿನಿಂದ ಅಪ್ಪ ಓಡಿ ಬಂದ. ಬಜೆಗೆ ಸಂಸ್ಕೃತದಲ್ಲಿ ವಚಾ. ವಚ ಎಂದರೆ ಮಾತು. ವಚೆಯೇ ನಮ್ಮ ಬಾಯಲ್ಲಿ ಬಜೆಯಾಯಿತು. ತಮ್ಮ ಆಮೇಲೆ ಮಾತಾಡಿದ, ಬಜೆಯಿಂದಲೋ ವಯಸ್ಸಿನಿಂದಲೋ; ಈಗ ವಕೀಲ, ನಿಲ್ಲಿಸುವುದೇ ಕಷ್ಟ. ಅದರ ಎಣ್ಣೆಯಲ್ಲಿರುವ ಆಸರೋನ್ ಒಳ್ಳೆಯದಲ್ಲವೆಂದು 1968ರಲ್ಲೇ ಅಮೆರಿಕದವರು ಆಹಾರದಲ್ಲಿ ಬಜೆಯನ್ನು ನಿಷೇಧಿಸಿದ್ದರು ಎಂದು ನಾನು ಓದಿದ್ದು ಬಹಳ ತಡವಾಗಿ. ನನ್ನ ಮಕ್ಕಳಿಗೆ ನಾನು ಕೊಡಲಿಲ್ಲ. ಆದರೆ ಆ ಮೂರು ಸುತ್ತಿನ ಲೆಕ್ಕವನ್ನು ಮರೆಯಲಾರೆ. ಹೆಚ್ಚಾದರೆ ಕೆಡುಕು ಎಂದು ಅಜ್ಜಿಗೆ ಯಾರು ಹೇಳಿದ್ದರು?

ಆಶ್ವಯುಜದ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆ. ಬಸುರಿಯಾದ ಭೂಮಿಗೆ ಬಯಕೆ ತೀರಿಸುವ ಹಬ್ಬ. ಹೆಂಗಸರು ದಿನಗಟ್ಟಲೆ ಕೂತು ಕೆಮ್ಮಣ್ಣು ಬಳಿದ ಬುಟ್ಟಿಗೆ ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆಯುತ್ತಾರೆ, ಅದು ಭೂಮಣ್ಣಿ ಬುಟ್ಟಿ. ಹಬ್ಬದ ಮುಂಚಿನ ರಾತ್ರಿಯಿಡೀ ಒಲೆ ಆರುವುದಿಲ್ಲ. ಆ ಅಡುಗೆಯಲ್ಲಿ ಮುಖ್ಯವಾದದ್ದು ಸೊಪ್ಪು: ಬ್ಯಾಣ, ಕಾನು, ಗದ್ದೆ ಬದು ಸುತ್ತಿ ತಂ‌ದ ನೂರೊಂದು ಬಗೆಯದು ಆಗಬೇಕು. ಬೆಳಕು ಹರಿಯುವ ಮೊದಲು ಅದನ್ನು ಗದ್ದೆಗೆ ಬೀರಿ ಬರುತ್ತಾರೆ. ಹತ್ತನೆಯ ವಯಸ್ಸಿನಲ್ಲಿ ನಾನು ಅಜ್ಜಿಯ ಹಿಂದೆ ಸೊಪ್ಪಿಗೆ ಹೋಗಿದ್ದೆ. ಅವಳು ಒಂದೊಂದನ್ನೂ ಹೆಸರು ಹೇಳಿ ಬುಟ್ಟಿಗೆ ಹಾಕುತ್ತಿದ್ದಳು, ನಾನು ಬೆರಳು ಮಡಿಸುತ್ತಿದ್ದೆ. ನಲವತ್ತೆರಡಕ್ಕೆ ಹೆಸರು ನಿಂತಿತು. ಅವಳು ಬದುವಿನಿಂದ ಎರಡು ಹಿಡಿ ಹಸಿರನ್ನು ನೋಡದೆ ಕಿತ್ತು ಹಾಕಿ "ನೂರೊಂದಾಯ್ತು" ಎಂದಳು. ಇಲ್ಲ, ಇನ್ನೂ ಐವತ್ತೊಂಬತ್ತು ಬೇಕು ಎಂದೆ. "ನಿಂಗೆ ಲೆಕ್ಕ ಬೇಕಾ, ಭೂಮಿಗೆ ಬೇಕಾ?" ಎಂದು ಬುಟ್ಟಿ ಎತ್ತಿದಳು.

ತಿನ್ನುವ ಸೊಪ್ಪಿನ ಹೆಸರು ಹೀಗೆ ಧಾರಾಳ. ಮದ್ದಿನದ್ದಲ್ಲ. ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂದು ನಾಟಿ ವೈದ್ಯದವರ ನಂಬಿಕೆ. ಮದ್ದು ಕೀಳಲು ಹೋಗುವಾಗ ಅಜ್ಜಿ ನನ್ನನ್ನು ಜೊತೆಗೆ ಸೇರಿಸುತ್ತಿರಲಿಲ್ಲ. ಎಲ್ಲಿಗೆ ಎಂದು ಯಾರೂ ಕೇಳಬಾರದು, ಕೇಳಿದರೆ ಆ ದಿನ ಮದ್ದಿಲ್ಲ. ತಂದ ಎಲೆಯನ್ನು ದಾರಿಯಲ್ಲೇ ಅಂಗೈಯಲ್ಲಿ ಹಿಸುಕಿ, ಆಕಾರ ಕೆಡಿಸಿ ತರುತ್ತಿದ್ದಳು. ಒಂದು ಬೇಸಗೆಯಲ್ಲಿ ಅಮ್ಮನಿಗೆ ಉರಿಮೂತ್ರ ಬಂದು ನರಳುತ್ತಿದ್ದಾಗ ಬಟ್ಟಲಿನಲ್ಲಿ ನಿಂಬೆಗಾತ್ರದ ಹಸಿರು ಉಂಡೆ ತಂದು ಮಜ್ಜಿಗೆಯಲ್ಲಿ ಕದಡಿಸಿ ಮೂರು ಬೆಳಗ್ಗೆ ಕುಡಿಸಿದಳು. ನಾಲ್ಕನೆಯ ದಿನ ಅಮ್ಮ ಎದ್ದು ನೀರು ಸೇದಿದಳು. ಏನು ಸೊಪ್ಪು ಎಂದು ಕೇಳಿದರೆ ಅಜ್ಜಿ ಕವಳ ಉಗುಳಲು ಎದ್ದು ಹೋದಳು. ಈ ಗುಟ್ಟಿನ ಬಗ್ಗೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ. ಅವಳಂಥ ಎಷ್ಟು ಜನ ಬಾಯಿ ಮುಚ್ಚಿಕೊಂಡೇ ಮಣ್ಣಿಗೆ ಹೋದರು!

1982ಕ್ಕೆ ಬರುತ್ತೇನೆ. ಅಷ್ಟರಲ್ಲಿ ಅಪ್ಪನಿಗೆ ಮತ್ತೆ ವರ್ಗವಾಗಿತ್ತು. ಹರ್ಬೇರಿಯಂಗೆ ಐವತ್ತು ಗಿಡ ಬೇಕೆಂದಾಗ ನನಗೆ ತಾಳಗುಪ್ಪ ಬಿಟ್ಟು ಬೇರೆ ಊರು ಹೊಳೆಯಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'ವಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು ನಾಲ್ಕೇ ವರ್ಷವಾಗಿತ್ತು. ಅದನ್ನು ಓದಿ ತಲೆಗೇರಿಸಿಕೊಂಡು, ಹಳೇ ಪೇಪರಿನ ಕಟ್ಟು ಹೊತ್ತು ರೈಲು ಹತ್ತಿದ್ದೆ. ಅಜ್ಜಿಯ ಬೆನ್ನು ಬಾಗಿತ್ತು. ಆದರೂ ಬಂದಳು. ನಾನು ಗಿಡ ಕಿತ್ತು ತೋರಿಸುವುದು, ಅವಳು ಹೆಸರು ಹೇಳುವುದು. ಹೊನಗೊನ್ನೆ, ಬಜೆ, ಕಾಡುಶುಂಠಿ, ಮುಟ್ಟಿದರೆ ಮುನಿ, ಎಲ್ಲ ಆಯಿತು. ಗೇಟಿನ ಹತ್ತಿರ, ಜನ ತುಳಿದು ತುಳಿದು ಗಟ್ಟಿಯಾದ ದಾರಿಯಲ್ಲಿ, ಆ ಚಕ್ರದ ಎಲೆಯ ಗಿಡ ಸಾಲಾಗಿ ಇತ್ತು. ಕೀಳಲು ಹೋದರೆ ಬರುವುದಿಲ್ಲ; ಬೇರು ಕಲ್ಲನ್ನು ಹಿಡಿದಿತ್ತು. ಎಲೆ ಬೆಕ್ಕಿನ ನಾಲಿಗೆಯ ಹಾಗೆ ಒರಟು. ಇದೇನಜ್ಜಿ ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

"ಅದಾ? ಅದು ಸುಮ್ನೆ ಗಿಡ."

ಬರೆದುಕೊಂಡೆ. ನನ್ನ ಮಟ್ಟಿಗೆ ಅದು ಅಚ್ಚುಕಟ್ಟಾದ ಉತ್ತರವೇ ಆಗಿತ್ತು. ತಿನ್ನಲು ಬಾರದ, ಹೂ ಮುಡಿಯಲು ಬಾರದ, ದನವೂ ಬಾಯಿ ಹಾಕದ ಗಿಡಕ್ಕೆ ಯಾರು ಹೆಸರು ಇಡುತ್ತಾರೆ? ಇದ್ದುಕೊಂಡಿದೆ, ಸುಮ್ಮನೆ.

ಹೊಸದಾಗಿ ಬಂದ ಗಿಡಗಳಿಗೆ ಹೆಸರಿಡಲು ನಮ್ಮವರು ತಡ ಮಾಡುವುದಿಲ್ಲ ಎಂಬುದೂ ನನಗೆ ಆಗಲೇ ಕಂಡಿತ್ತು. ಅಮೆರಿಕ ಮೂಲದ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ರಸ್ತೆ ರೈಲು ಹಿಡಿದು ಎಲ್ಲ ಕಡೆ ಹಬ್ಬಿತು. ಬಯಲುಸೀಮೆಯಲ್ಲಿ ಅದು ಕಾಂಗ್ರೆಸ್ ಗಿಡ. ಬಿಳಿ ಟೋಪಿ ಹಾಕಿಕೊಂಡ ಹೂವು, ಎಲ್ಲೆಲ್ಲೂ ಅದೇ. ಮಲೆನಾಡಿನ ಹಕ್ಕಲು, ಸೊಪ್ಪಿನಬೆಟ್ಟಗಳನ್ನು ನುಂಗಿದ್ದು ಇನ್ನೊಂದು, ಅದೂ ಅಮೆರಿಕದ್ದೇ, ಯುಪಟೋರಿಯಂ. ಸಸ್ಯಶಾಸ್ತ್ರದವರು 1970ರಲ್ಲಿ ಅದನ್ನು ಕ್ರೊಮೊಲೀನಾ ಎಂದು ಬದಲಾಯಿಸಿದರು, ಊರಿನವರು ಬದಲಾಯಿಸಲಿಲ್ಲ. ಕೇರಳದಲ್ಲಿ ಅದು ಕಮ್ಯುನಿಸ್ಟ್ ಪಚ್ಚ, ಘಟ್ಟ ಹತ್ತಿ ಬಂದ ಮೇಲೆ ಕಮ್ಯುನಿಸ್ಟ್ ಗಿಡ. ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ನನ್ನ ಹರ್ಬೇರಿಯಂನಲ್ಲಿ ಎರಡೂ ಎದುರುಬದುರು ಹಾಳೆಯಲ್ಲಿದ್ದವು. ಮೇಷ್ಟ್ರು ಅವುಗಳ ಹೆಸರಿಗೆ ಕೆಂಪು ಗೆರೆ ಎಳೆಯಲಿಲ್ಲ.

ಸುಮ್ನೆ ಗಿಡದ ಶಾಸ್ತ್ರೀಯ ಹೆಸರು ಮೇಷ್ಟ್ರೇ ಪಕ್ಕದಲ್ಲಿ ಬರೆದಿದ್ದರು: ಎಲಿಫೆಂಟೋಪಸ್ ಸ್ಕೇಬರ್. ಸ್ಕೇಬರ್ ಎಂದರೆ ಒರಟು. ಎಲಿಫೆಂಟೋಪಸ್ ಎಂಬುದು ಗ್ರೀಕ್, ಆನೆಯ ಪಾದ. ಬಹಳ ವರ್ಷದ ಮೇಲೆ, ನೌಕರಿಗೆ ಸೇರಿ ಬೆಂಗಳೂರಿನಲ್ಲಿದ್ದಾಗ, 'ಹೊರ್ತುಸ್ ಮಲಬಾರಿಕುಸ್' ನೋಡುವ ಅವಕಾಶ ಸಿಕ್ಕಿತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಮಾಡಿಸಿದ ಗ್ರಂಥ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಂನಲ್ಲಿ 12 ಸಂಪುಟ ಅಚ್ಚಾಯಿತು. ಅದರ ಹಿಂದೆ ಇಟ್ಟಿ ಅಚ್ಯುದನ್ ಎಂಬ ಈಳವ ವೈದ್ಯ ಇದ್ದ, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ಪಂಡಿತರಿದ್ದರು. ಹತ್ತನೆಯ ಸಂಪುಟದಲ್ಲಿ ಒಂದು ಚಿತ್ರ ನೋಡಿ ಕೈ ನಿಂತಿತು. ಅದೇ ಚಕ್ರದ ಎಲೆ, ಅದೇ ಒರಟು ಕಡ್ಡಿ. ಹೆಸರು ಆನಚ್ಚುವಡಿ. ಆನೆಯ ಹೆಜ್ಜೆ. ಕನ್ನಡದಲ್ಲೂ ಕೆಲವು ಕಡೆ ಅದನ್ನು ಆನೆಹೆಜ್ಜೆ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಲಿನೇಯಸ್ 1753ರಲ್ಲಿ ಅದಕ್ಕೆ ಒರಟು ಎಂಬ ಬಾಲ ಸೇರಿಸುವ ಅರವತ್ತು ವರ್ಷ ಮೊದಲೇ ಆ ಮಲಯಾಳಂ ಹೆಸರು ಅಚ್ಚಾಗಿತ್ತು. ಮೂರು ಭಾಷೆಯವರು ನೆಲದ ಮೇಲೆ ಆನೆ ಕಾಲಿಟ್ಟ ಗುರುತು ಕಂಡಿದ್ದಾರೆ. ತಾಳಗುಪ್ಪದ ನನ್ನ ಅಜ್ಜಿಗೆ ಮಾತ್ರ ಅದು ಸುಮ್ಮನೆ ಹೇಗಾಯಿತು? ಅಂಗಳದಲ್ಲಿದ್ದ ಆನೆ ಅವಳಿಗೆ ಕಾಣಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಬೇಜಾರೇ ಆಯಿತು.

2011ರಲ್ಲಿ ಬ್ರಾಡ್‌ಗೇಜು ತಾಳಗುಪ್ಪ ಮುಟ್ಟಿತು. ಈಗ ಬೆಂಗಳೂರಿನಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಅಲ್ಲಿಳಿಯಬಹುದು. ಹಳಿ ಈಗಲೂ ಅಲ್ಲೇ ಮುಗಿಯುತ್ತದೆ. ಹೊನ್ನಾವರದವರೆಗೆ ಒಯ್ಯಬೇಕೆಂಬ ಮಾತು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ಕಳೆದ ಮಳೆಗಾಲದ ಕೊನೆಗೆ ಹೋಗಿದ್ದೆ. ಅಜ್ಜಿ ಸತ್ತು ಎಷ್ಟೋ ವರ್ಷವಾಗಿದೆ. ಹುಲ್ಲಿನ ಮನೆಯ ಜಾಗದಲ್ಲಿ ತಾರಸಿ ಮನೆ. ಸೊಸೆಗೆ ಈಗ ಅಜ್ಜಿಯ ವಯಸ್ಸು. ನನ್ನನ್ನು ಗುರುತು ಹಿಡಿದು ಚಾ ಕೊಟ್ಟಳು. ಅಮ್ಮ ಹೇಗಿದ್ದಾರೆ ಎಂದಳು. ಅಮ್ಮ ಹೋಗಿ ಆರು ವರ್ಷವಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉರಿಮೂತ್ರಕ್ಕೆ ಅತ್ತೆ ಮದ್ದು ಕೊಟ್ಟಿದ್ರಲ್ಲ, ಆ ಬಟ್ಟಲು ನಾನೇ ತೊಳ್ದಿದ್ದು" ಎಂದಳು.

ನಾನು ಮೆಲ್ಲಗೆ ಕೇಳಿದೆ. ಯಾವ ಸೊಪ್ಪು ಎಂದಲ್ಲ. ಅತ್ತೆ ಎಲ್ಲಿಗೆ ಹೋಗುತ್ತಿದ್ದರು ಎಂದು. ಅವಳು ಹೇಳಲಿಲ್ಲ, ಎದ್ದಳು. ಗೇಟಿನ ಕಡೆಗೆ ನಡೆದಳು, ನಾನು ಹಿಂದೆ. ಜಲ್ಲಿ ಹಾಕಿದ ಹಳಿಯ ಪಕ್ಕ ಇನ್ನೂ ಒಂದು ಮಾರು ಹಳೇ ಕಾಲುದಾರಿ ಉಳಿದಿದೆ. ಅಲ್ಲಿ ಕೂತು, ಹಿಡಿಗಲ್ಲಿನಿಂದ ಬುಡದ ಮಣ್ಣು ಬಿಡಿಸಿ, ಒಂದು ಗಿಡವನ್ನು ಬೇರುಸಮೇತ ಎಬ್ಬಿಸಿ ನನ್ನ ಕೈಗಿಟ್ಟಳು. ಒರಟು ಎಲೆ, ಚಕ್ರದ ಹಾಗೆ. ಹೆಸರು ತನಗೂ ಅತ್ತೆ ಹೇಳಿಲ್ಲ ಎಂದಳು. ಕೈ ಮಾತ್ರ ತೋರಿಸಿದ್ದರಂತೆ.

ಆ ಹೊತ್ತಿಗೆ ಹಳಿ ದಾಟಿ ಹಾಲಿನ ಕ್ಯಾನು ಹೊತ್ತು ಬಂದ ಒಬ್ಬ ಹುಡುಗ ಬಗ್ಗಿ ನೋಡಿ, "ಎಂತ ಕೀಳ್ತಿದ್ರಿ?" ಎಂದ.

ಅವಳು ಸೀರೆಗೆ ಕೈ ಒರೆಸಿಕೊಂಡಳು. "ಎಂತದೂ ಇಲ್ಲ, ಮಾರಾಯ" ಎಂದಳು. ನಾನು ಗಿಡವನ್ನು ಜೇಬಿಗೆ ತುರುಕಿಕೊಂಡೆ.